ಅಂಡಮಾನ್ ಮಧುಚಂದ್ರ: ಪ್ಯಾಕೇಜ್ ಹಾಳೆಯಲ್ಲಿ ಬರೆಯದ ಸಂಗತಿಗಳು

ಮಾನ್ಯ ಸಂಪಾದಕರೇ,

ಲಗ್ನದ ದಿನಗಳು ಹತ್ತಿರ ಬಂದಂತೆ ಪತ್ರಿಕೆಯ ಜಾಹೀರಾತು ಪುಟಗಳಲ್ಲಿ ಅಂಡಮಾನ್ ಹನಿಮೂನ್ ಪ್ಯಾಕೇಜ್‌ಗಳೂ ಹೆಚ್ಚುತ್ತವೆ. ‘ಐದು ರಾತ್ರಿ, ಆರು ಹಗಲು, ಮೂರು ದ್ವೀಪ’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಹಾಸಿಗೆಯ ಮೇಲೆ ಗುಲಾಬಿ ಎಸಳಿನ ಹೃದಯ, ಟವೆಲ್ಲಿನಲ್ಲಿ ಮಡಚಿದ ಜೋಡಿ ಹಂಸ, ಒಂದು ಕೇಕು, ಮೊಂಬತ್ತಿ ಬೆಳಕಿನ ಊಟ. ಯಾವ ಬೋಟು, ಎಷ್ಟು ಗಂಟೆಗೆ, ಅದು ರದ್ದಾದರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರ ತಲೆಗೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ. ಆದರೆ ಅಂಡಮಾನಿನಲ್ಲಿ ಪ್ರವಾಸದ ಹಣೆಬರಹ ಬರೆಯುವುದೇ ಬೋಟು. ಆ ಪ್ರವಾಸಗಳನ್ನು ಏರ್ಪಾಡು ಮಾಡುವ ಕೆಲಸದಲ್ಲಿರುವ ನಾವು, ಮಗಳಿಗೋ ಮಗನಿಗೋ ಟಿಕೆಟ್ ಮಾಡಿಸಲು ಹೊರಟ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ತಿಂಗಳ ವಿಚಾರ. ನಮ್ಮ ಲಗ್ನದ ಕ್ಯಾಲೆಂಡರ್‌ಗೂ ಬಂಗಾಳ ಕೊಲ್ಲಿಗೂ ಹೆಚ್ಚು ಹೊಂದಾಣಿಕೆಯಿಲ್ಲ. ವೈಶಾಖದಲ್ಲಿ ಮದುವೆಯಾದರೆ ಮುಂದೆ ಆಷಾಢ ಬರುತ್ತದೆ, ಹುಡುಗಿ ತವರಿಗೆ ಹೋಗಬೇಕು, ಅಷ್ಟರೊಳಗೆ ಹೋಗಿ ಬಂದುಬಿಡಲಿ ಎಂದು ಹಿರಿಯರು ಮೇ ಕೊನೆಗೋ ಜೂನ್ ಮೊದಲಿಗೋ ಟಿಕೆಟ್ ಮಾಡಿಸುತ್ತಾರೆ. ನೈರುತ್ಯ ಮುಂಗಾರು ಕೇರಳಕ್ಕಿಂತ ಮೊದಲೇ ಅಂಡಮಾನ್ ಮುಟ್ಟುತ್ತದೆ, ಸಾಮಾನ್ಯವಾಗಿ ಮೇ ಮೂರನೆಯ ವಾರದ ಆಸುಪಾಸಿನಲ್ಲಿ. ಅಂದರೆ ದಂಪತಿಯೂ ಮುಂಗಾರೂ ಒಂದೇ ವಾರ ಅಲ್ಲಿ ಇಳಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇದ್ದೇ ಇರುತ್ತದೆ, ಅಲೆ ದೊಡ್ಡದು, ನೀರು ಕದಡಿರುತ್ತದೆ. ಪ್ಯಾಕೇಜ್ ಅಗ್ಗವಾಗುವುದೂ ಅದೇ ಕಾರಣಕ್ಕೆ. ಕಾರ್ತಿಕ, ಮಾರ್ಗಶಿರದ ಮದುವೆಗಳದ್ದು ಬೇರೆ ಕಥೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಬಹಳಷ್ಟು ದಿನ ಬಿಸಿಲೇ ಇರುತ್ತದೆ, ಆದರೆ ಕೆಟ್ಟರೆ ಪೂರ್ತಿ ಕೆಡುತ್ತದೆ. 2016ರ ಡಿಸೆಂಬರ್ ಮೊದಲ ವಾರ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದು, ಕೊನೆಗೆ ನೌಕಾಪಡೆಯ ಹಡಗುಗಳು ಹೋಗಿ ಕರೆತಂದದ್ದು ಹಲವರಿಗೆ ನೆನಪಿರಬಹುದು.

ಮಾಘ, ಫಾಲ್ಗುಣದಲ್ಲಿ ಮದುವೆಯಾದವರು ಪುಣ್ಯವಂತರು. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ನೀರು ತಿಳಿ. ಉಳಿದವರಿಗೆ ನಮ್ಮ ಸಲಹೆ ಇಷ್ಟೇ: ಮದುವೆಯ ಬೆನ್ನಿಗೇ ಮನೆದೇವರು, ಮಲೆನಾಡು ಮುಗಿಸಿಕೊಳ್ಳಿ, ದ್ವೀಪವನ್ನು ಸಂಕ್ರಾಂತಿಯ ನಂತರಕ್ಕೆ ಇಟ್ಟುಕೊಳ್ಳಿ. ಆರು ತಿಂಗಳು ತಡವಾದರೆ ಅದು ಹನಿಮೂನ್ ಅಲ್ಲ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಇನ್ನು ಟಿಕೆಟ್ಟಿನ ಮೇಲಿನ ಹೆಸರು. ಲಗ್ನಪತ್ರಿಕೆ ಅಚ್ಚಾಗುವ ಹೊತ್ತಿಗೇ ಕೆಲವರು ಹುಡುಗಿಯ ಹೆಸರಿನ ಮುಂದೆ ಹುಡುಗನ ಹೆಸರು ಸೇರಿಸಿ ಟಿಕೆಟ್ ಮಾಡಿಸಿಬಿಡುತ್ತಾರೆ. ಆಧಾರ್‌ನಲ್ಲಿ ಹಳೆಯ ಹೆಸರೇ ಇರುತ್ತದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಹೋಲಿಸಿ ನೋಡುತ್ತಾರೆ. ಅಲ್ಲಿ ಮದುವೆಯ ಆಲ್ಬಮ್ ತೋರಿಸಿದರೆ ನಡೆಯುವುದಿಲ್ಲ. ಕೈಯಲ್ಲಿರುವ ಗುರುತಿನ ಚೀಟಿಯಲ್ಲಿ ಏನಿದೆಯೋ ಅದನ್ನೇ ವಿಮಾನಕ್ಕೂ ಬೋಟಿಗೂ ಬರೆಸಿ. ಇನಿಷಿಯಲ್ ಇರುವ ಹೆಸರಾದರೆ, ಕೊನೆಯ ಹೆಸರಿನ ಜಾಗದಲ್ಲಿ ಏನು ತುಂಬಿದಿರೋ ಅದನ್ನೇ ಎಲ್ಲ ಟಿಕೆಟ್‌ಗಳಲ್ಲೂ ತುಂಬಿ.

ಊರುಗಳ ಹೆಸರೂ ಗೊಂದಲವೇ. 2018ರ ಡಿಸೆಂಬರ್‌ನಲ್ಲಿ ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ವಿಮಾನ ಇಳಿಯುವ ರಾಜಧಾನಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಜನರ ಬಾಯಲ್ಲಿ ಹಳೆಯದು, ಕಾಗದದ ಮೇಲೆ ಹೊಸದು. ಪ್ಯಾಕೇಜ್ ಹಾಳೆಯಲ್ಲಿ ‘ಹ್ಯಾವ್ಲಾಕ್, ಸ್ವರಾಜ್ ದ್ವೀಪ್’ ಎಂದು ಅಲ್ಪವಿರಾಮ ಹಾಕಿದ್ದರೆ ಅದನ್ನು ಎರಡು ದ್ವೀಪ ಎಂದು ಎಣಿಸಬೇಡಿ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಬೆಂಗಳೂರಿನಿಂದ ನೇರ ವಿಮಾನ ಎರಡೂವರೆ ಗಂಟೆ ಚಿಲ್ಲರೆ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಖಾಸಗಿ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಬೋಟಿನಲ್ಲಿ ಎರಡರಿಂದ ಎರಡೂವರೆ. ಹ್ಯಾವ್ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯ ಒಳಗೆ ಅಥವಾ ಆಸುಪಾಸು. ಕೇಳಲು ಸಣ್ಣ ಅಂಕಿಗಳು. ಆದರೆ ಪ್ರತಿ ಬೋಟಿಗೂ ಒಂದು ಗಂಟೆ ಮೊದಲು ಜೆಟ್ಟಿಯಲ್ಲಿರಬೇಕು, ಅದಕ್ಕೂ ಮೊದಲು ರೂಮು ಖಾಲಿ ಮಾಡಬೇಕು, ಆಚೆ ದಡದಲ್ಲಿ ಚೆಕ್-ಇನ್ ಸಮಯದವರೆಗೆ ಸೂಟ್‌ಕೇಸ್ ಕಾಯುತ್ತಾ ಕೂರಬೇಕು. ಒಂದು ದ್ವೀಪ ಬದಲಾಯಿಸಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಐದು ರಾತ್ರಿಯಲ್ಲಿ ಮೂರು ದ್ವೀಪ ಎಂದರೆ ದಂಪತಿ ಕಡಲಿಗಿಂತ ಹೆಚ್ಚು ಜೆಟ್ಟಿಯ ಪ್ಲಾಸ್ಟಿಕ್ ಕುರ್ಚಿ ನೋಡುತ್ತಾರೆ.

ಐದು ರಾತ್ರಿಗಳಿದ್ದರೆ ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಡುವಿನ ಮೂರು ಹ್ಯಾವ್ಲಾಕ್, ಕೊನೆಯದು ಮತ್ತೆ ಪೋರ್ಟ್ ಬ್ಲೇರ್. ನೀಲ್ ಬೇಕೇ ಬೇಕು ಎಂದರೆ ಏಳು ರಾತ್ರಿ ಮಾಡಿಕೊಳ್ಳಿ. ಕೊನೆಯ ರಾತ್ರಿಯನ್ನು ವಿಮಾನವಿರುವ ದ್ವೀಪದಲ್ಲೇ ಕಳೆಯುವುದು ಈ ಇಡೀ ಪತ್ರದಲ್ಲಿ ನಾವು ಒತ್ತಿ ಹೇಳುವ ಮಾತು. ಬೆಳಿಗ್ಗೆ ಹ್ಯಾವ್ಲಾಕ್‌ನಿಂದ ಬೋಟು, ಮಧ್ಯಾಹ್ನ ವಿಮಾನ ಎಂದು ಹಾಳೆಯಲ್ಲಿ ಜೋಡಿಸುವುದು ಸುಲಭ, ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ. ಗಾಳಿ ಎದ್ದು ಬಂದರಿನವರು ಬೋಟು ಬಿಡಬೇಡಿ ಎಂದರೆ ಬೋಟಿನ ಹಣ ವಾಪಸ್ ಬರುತ್ತದೆ. ತಪ್ಪಿಹೋದ ವಿಮಾನದ್ದು ಬರುವುದಿಲ್ಲ. ಆ ದಿನವೇ ಹೊರಡುವ ಹೊಸ ಟಿಕೆಟ್ಟಿನ ಬೆಲೆ ಉಳಿಸಿದ ಬಾಡಿಗೆಯ ಹಲವು ಪಟ್ಟು.

ಹೊರಡುವ ದಿನವನ್ನೂ ಸ್ವಲ್ಪ ನೋಡಿ. ಆರತಕ್ಷತೆ, ಸತ್ಯನಾರಾಯಣ ಪೂಜೆ, ಬೀಗರೂಟ ಮುಗಿಸಿ ಅದೇ ರಾತ್ರಿ ಎರಡು ಗಂಟೆಗೆ ವಿಮಾನ ನಿಲ್ದಾಣಕ್ಕೆ ಹೊರಟು, ಇಳಿದ ದಿನವೇ ಹ್ಯಾವ್ಲಾಕ್ ಬೋಟು ಹತ್ತಿಸುವ ಪ್ಯಾಕೇಜ್‌ಗಳಿವೆ. ನಿದ್ದೆಗೆಟ್ಟ ಹೊಟ್ಟೆಗೆ ಸಮುದ್ರ ಒಗ್ಗುವುದಿಲ್ಲ. ಖಾಸಗಿ ಫೆರ್ರಿಗಳಲ್ಲಿ ಬಹುಪಾಲು ಹೊತ್ತು ಮುಚ್ಚಿದ ಏಸಿ ಕೋಣೆಯಲ್ಲೇ ಕೂರಬೇಕು. ಕಣ್ಣಿಗೆ ಎದುರಿನ ಸೀಟು ಅಲ್ಲಾಡದೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ಓಲಾಟ ಗೊತ್ತಾಗುತ್ತದೆ, ಎರಡಕ್ಕೂ ತಾಳೆಯಾಗದೆ ವಾಂತಿ ಬರುತ್ತದೆ. ಮುಂಭಾಗದ ಸೀಟು ಹೆಚ್ಚು ಎದ್ದು ಬೀಳುತ್ತದೆ, ದುಡ್ಡು ಹೆಚ್ಚು ಕೊಟ್ಟು ಅದನ್ನೇ ಕೊಳ್ಳುವವರಿದ್ದಾರೆ. ಕೆಳ ಅಂತಸ್ತಿನ ನಡುವಿನ ಅಥವಾ ಹಿಂದಿನ ಸಾಲು ತೆಗೆದುಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ತಂದಿಟ್ಟುಕೊಂಡು ಹತ್ತುವ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗೂ ಬೇಡ.

ಗಡಿಯಾರದ ಮೋಸ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಅಂಡಮಾನ್ ಬೆಂಗಳೂರಿಗಿಂತ ಸುಮಾರು ಹದಿನೈದು ರೇಖಾಂಶ ಪೂರ್ವಕ್ಕಿದೆ, ಸಮಯ ಮಾತ್ರ ಅದೇ ಭಾರತೀಯ ಸಮಯ. ಹೀಗಾಗಿ ಅಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ನಮಗಿಂತ ಸರಿಸುಮಾರು ಒಂದು ಗಂಟೆ ಮೊದಲು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತದೆ, ಏಪ್ರಿಲ್‌ನಲ್ಲಿ ಐದೂವರೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಕಾಫಿ ಕುಡಿದು ಐದಕ್ಕೆ ಹೊರಟವರು ಹ್ಯಾವ್ಲಾಕ್‌ನ ರಾಧಾನಗರ ಬೀಚ್ ಮುಟ್ಟುವಾಗ ಕತ್ತಲು. ಜೆಟ್ಟಿಯಿಂದ ಅಲ್ಲಿಗೆ ಹನ್ನೊಂದು-ಹನ್ನೆರಡು ಕಿಲೋಮೀಟರ್, ಏರಿಳಿತದ ಕಾಡುರಸ್ತೆ. 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಪಡೆದ ಈ ಬೀಚು ಪಶ್ಚಿಮಕ್ಕಿದೆ. ಮೂರು ಗಂಟೆಗೆ ಅಲ್ಲಿರಿ. ಸೂರ್ಯೋದಯ ಬೇಕಾದವರು ಪೂರ್ವದ ಕಾಲಾಪತ್ಥರ್ ಬೀಚಿಗೆ ಐದೂಕಾಲಿಗೆ ಹೋಗಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ರಾಧಾನಗರದ ಬಲಕ್ಕೆ ನಡೆದುಹೋದರೆ ಸಿಗುವ ಕೊಲ್ಲಿಯ ನೀರು ನಿಂತ ಕೆರೆಯಂತೆ ಆಕರ್ಷಕ, ಆದರೆ ಅಲ್ಲಿ 2010ರಲ್ಲಿ ಪ್ರವಾಸಿಯೊಬ್ಬರನ್ನು ಉಪ್ಪುನೀರಿನ ಮೊಸಳೆ ಕೊಂದಿದೆ. ಫಲಕ ಇದ್ದಲ್ಲಿ ಇಳಿಯಬೇಡಿ, ಜೀವರಕ್ಷಕರು ಇರುವ ಕಡೆಯೇ ಸ್ನಾನ ಮಾಡಿ.

‘ಬೀಚ್‌ಫ್ರಂಟ್ ರೂಮ್’ ಎಂಬ ಮಾತಿಗೂ ಒಂದು ಟಿಪ್ಪಣಿ ಬೇಕು. ಹ್ಯಾವ್ಲಾಕ್‌ನ ಹೆಚ್ಚಿನ ರೆಸಾರ್ಟುಗಳಿರುವುದು ಪೂರ್ವ ದಡದ ಗೋವಿಂದನಗರ, ವಿಜಯನಗರ ಬೀಚ್‌ಗಳಲ್ಲಿ. ಉಬ್ಬರದ ಹೊತ್ತಿಗೆ ನೀರು ತೋಟದ ಅಂಚಿಗೇ ಬರುತ್ತದೆ, ಜಾಹೀರಾತಿನ ಫೋಟೊ ತೆಗೆಯುವುದು ಆಗಲೇ. ಆರು ಗಂಟೆ ಕಳೆದರೆ ಇಳಿತ. ಕಡಲು ದೂರ ಸರಿದು ಸತ್ತ ಹವಳ, ಕಲ್ಲು, ಕೆಸರು ಎದ್ದು ಕಾಣುತ್ತದೆ. ಮೊಣಕಾಲು ನೀರಿಗೂ ಬಹಳ ದೂರ ನಡೆಯಬೇಕು, ಬರಿಗಾಲಿಗೆ ಹವಳ ಕೊಯ್ಯುತ್ತದೆ. ರೂಮಿನಲ್ಲಿ ತಪ್ಪಿಲ್ಲ, ಸಮಯದಲ್ಲಿ ತಪ್ಪು. ಸರ್ವೇ ಆಫ್ ಇಂಡಿಯಾ ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ಕೋಷ್ಟಕವನ್ನು ಪ್ರತಿವರ್ಷ ಪ್ರಕಟಿಸುತ್ತದೆ. ಯಾವ ಹೋಟೆಲಿನವರನ್ನು ಕೇಳಿದರೂ ಆ ದಿನದ ಸಮಯ ಹೇಳುತ್ತಾರೆ. ಮನೆಯ ಗೋಡೆಯ ಪಂಚಾಂಗವೂ ಅರ್ಧ ಕೆಲಸ ಮಾಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಅತಿ ಮೇಲೆ, ಇಳಿತ ಅತಿ ಕೆಳಗೆ; ಅಷ್ಟಮಿ, ನವಮಿಯ ಹೊತ್ತಿಗೆ ಎರಡರ ವ್ಯತ್ಯಾಸ ಕಡಿಮೆ. ಇವತ್ತಿನ ಉಬ್ಬರಕ್ಕಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ನೀಲ್ ದ್ವೀಪದ ಲಕ್ಷ್ಮಣಪುರದ ಕಲ್ಲಿನ ಸೇತುವೆ ನೋಡಲು ಇಳಿತವೇ ಬೇಕು. ಉಬ್ಬರದಲ್ಲಿ ಕರೆದೊಯ್ದು, ದೂರದಿಂದ ತೋರಿಸಿ, ‘ನೋಡಿದಿರಲ್ಲ’ ಎಂದು ವಾಪಸ್ ತರುವ ಚಾಲಕರಿದ್ದಾರೆ.

ಇನ್ನೊಂದು ವಿಚಿತ್ರ ಏನೆಂದರೆ, ಅಮಾವಾಸ್ಯೆಗೆ ಪ್ರಯಾಣ ಬೇಡ ಎನ್ನುವವರು ನಮ್ಮಲ್ಲಿ ಹಲವರು. ಆದರೆ ಹ್ಯಾವ್ಲಾಕ್‌ನ ಮ್ಯಾಂಗ್ರೋವ್ ಪಕ್ಕದ ನೀರಿನಲ್ಲಿ ಸೂಕ್ಷ್ಮಜೀವಿಗಳು ಮಿನುಗುವುದು ಚೆನ್ನಾಗಿ ಕಾಣುವುದು ಚಂದ್ರನಿಲ್ಲದ ರಾತ್ರಿಯೇ. ದೋಣಿಯ ಹುಟ್ಟು ಹಾಕಿದಾಗಲೆಲ್ಲ ನೀರು ನೀಲಿಯಾಗಿ ಹೊಳೆಯುತ್ತದೆ. ಹುಣ್ಣಿಮೆಗೆ ಇದಕ್ಕೆ ದುಡ್ಡು ಕೊಟ್ಟರೆ ದಂಡ.

ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನವದಂಪತಿಗಳು ಹೆಚ್ಚು ಆಸೆಪಡುವುದೂ ಹೆಚ್ಚು ಎಡವುವುದೂ ಅಲ್ಲೇ. ಮೊದಲ ಸಲದವರಿಗೆ ಈಜು ಬರಬೇಕಿಲ್ಲ, ತರಬೇತುದಾರರು ಹಿಡಿದೇ ಇರುತ್ತಾರೆ, ಆಳ ಹನ್ನೆರಡು ಮೀಟರ್ ಮೀರುವುದಿಲ್ಲ. ಇಳಿಯುವ ಮೊದಲು ಆರೋಗ್ಯದ ಫಾರಂ ತುಂಬಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ ಇದ್ದರೆ ಮುಚ್ಚಿಡಬೇಡಿ. ಮದುವೆಮನೆಯ ಐಸ್‌ಕ್ರೀಮು, ಧೂಳು, ನಿದ್ದೆಗೇಡಿನಿಂದ ನೆಗಡಿ ಹಿಡಿದಿದ್ದರೆ ಅವತ್ತು ಇಳಿಯಲೇಬೇಡಿ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ, ತಮಟೆ ಹರಿಯಬಹುದು. ಹತ್ತು ಮೀಟರ್ ಕೆಳಗೆ ಒತ್ತಡ ದಡದಲ್ಲಿರುವುದರ ಎರಡರಷ್ಟು, ಅದರಲ್ಲೂ ಕಿವಿಗೆ ಕಷ್ಟ ಕೊಡುವುದು ಮೊದಲ ಮೂರು ನಾಲ್ಕು ಮೀಟರ್. ಮೂಗು ಹಿಡಿದು ಮೆಲ್ಲಗೆ ಊದಬೇಕು, ನೋವು ಶುರುವಾಗುವ ಮೊದಲೇ, ಇಳಿಯುತ್ತಾ ಇಳಿಯುತ್ತಾ ಮತ್ತೆ ಮತ್ತೆ. ನೋವಾದ ಮೇಲೆ ಜೋರಾಗಿ ಊದುವುದು ತಪ್ಪು. ಒಂದಿಷ್ಟು ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಉಸಿರು ಮಾತ್ರ ಎಂದೂ ಬಿಗಿಹಿಡಿಯಬಾರದು.

ಸನ್ನೆಯಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ಫೋಟೊಗೆಂದು ಹುಡುಗ ಖುಷಿಯಿಂದ ಹೆಬ್ಬೆರಳು ಎತ್ತುತ್ತಾನೆ, ತರಬೇತುದಾರ ಅವನನ್ನು ಮೇಲೆ ಕರೆದುಕೊಂಡು ಹೋಗಿಬಿಡುತ್ತಾನೆ, ಐದು ನಿಮಿಷಕ್ಕೇ ಸ್ಕೂಬಾ ಮುಗಿಯುತ್ತದೆ. ಸರಿ ಇದೆ ಎನ್ನಲು ಹೆಬ್ಬೆರಳು-ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಮಾಸ್ಕಿನೊಳಗೆ ನೀರು ಬರುತ್ತಿದ್ದರೆ ಹತ್ತರಲ್ಲಿ ಏಳೆಂಟು ಸಲ ಮೀಸೆಯೇ ಕಾರಣ. ಮೂಗಿನ ಕೆಳಗಿನ ಒಂದೆಳೆ ಜಾಗ ಬೋಳಿಸಿಕೊಂಡರೆ ರಬ್ಬರ್ ಅಂಚು ಚರ್ಮಕ್ಕೆ ಕೂರುತ್ತದೆ, ಮೀಸೆಯ ಗತ್ತೂ ಉಳಿಯುತ್ತದೆ. ಹುಡುಗಿಯರಿಗೆ ಹಣೆಯ ಮೇಲಿನ ಕೂದಲಿನ ಎಳೆ ಅದೇ ಕೆಲಸ ಮಾಡುತ್ತದೆ. ಪೂರ್ತಿ ಹಿಂದಕ್ಕೆ ಬಾಚಿ ಕಟ್ಟಬೇಕು.

ಒಡವೆಯ ಪ್ರಶ್ನೆ ನಾಜೂಕಿನದು. ಹೊಸ ಮಾಂಗಲ್ಯ ತೆಗೆದಿಡು ಎನ್ನಲು ಯಾವ ಅತ್ತೆಗೂ ಬಾಯಿ ಬರುವುದಿಲ್ಲ, ತೆಗೆಯಲು ಹುಡುಗಿಗೂ ಮನಸ್ಸಿಲ್ಲ. ಉದ್ದನೆಯ ಎರಡೆಳೆ ಸರವಾದರೆ ಅದು ಗಾಳಿಯ ಕೊಳವೆಗೋ ಜಾಕೆಟ್ಟಿನ ಬಕಲ್ಲಿಗೋ ಸಿಕ್ಕಿಕೊಳ್ಳುತ್ತದೆ. ಕಳಚುವಾಗ ಎಳೆದರೆ ಮೊದಲು ಬಿಟ್ಟುಕೊಳ್ಳುವುದು ಕೊಂಡಿಯ ಪಕ್ಕದ ಆ ಸಣ್ಣ ಉಂಗುರ, ತಾಳಿ ಜಾರಿ ಮರಳಿಗೆ ಹೋಗುತ್ತದೆ. ಕುತ್ತಿಗೆಗೆ ಅಂಟಿ ಕೂರುವ ಗಿಡ್ಡ ಕರಿಮಣಿಗೋ ಗಟ್ಟಿ ಅರಿಸಿನ ದಾರಕ್ಕೋ ತಾಳಿಯನ್ನು ಊರಲ್ಲೇ ಪೋಣಿಸಿಕೊಂಡು, ಮೇಲೆ ಕುತ್ತಿಗೆವರೆಗೆ ಜಿಪ್ ಬರುವ ವೆಟ್‌ಸೂಟ್ (ಮೈಗಂಟುವ ಈಜುಡುಪು) ಹಾಕಿಕೊಂಡರೆ ಎರಡು ಕಡೆಯವರಿಗೂ ಸಮಾಧಾನ. ಕಾಲುಂಗುರ, ಈಜಲು ಪಾದಕ್ಕೆ ಹಾಕುವ ರಬ್ಬರ್ ರೆಕ್ಕೆಯೊಳಗೆ ಒತ್ತಿ ಬೆರಳು ಸುಲಿಯುತ್ತದೆ, ಬ್ಯಾಂಡೇಜ್ ಪಟ್ಟಿ ಸುತ್ತಿ. ನಿಶ್ಚಿತಾರ್ಥದ ಉಂಗುರ ಮಾತ್ರ ರೂಮಿನ ಲಾಕರ್‌ನಲ್ಲಿಡಿ: ನೀರಿನಲ್ಲಿ ಬೆರಳು ತಣ್ಣಗಾಗಿ ಸಣ್ಣಗಾಗುತ್ತದೆ, ಜಾರಿದ್ದು ಗೊತ್ತೇ ಆಗುವುದಿಲ್ಲ.

ಸ್ಕೂಬಾವನ್ನು ಹ್ಯಾವ್ಲಾಕ್‌ನ ಎರಡನೆಯ ದಿನ ಬೆಳಿಗ್ಗೆ ಇಟ್ಟುಕೊಳ್ಳಿ, ಕೊನೆಗೆ ತಳ್ಳಬೇಡಿ. ನೀರಿನೊಳಗೆ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ವಿಮಾನ ಹತ್ತಿದರೆ ಕ್ಯಾಬಿನ್ನಿನ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಯಾಗುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಸಲವಾದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ಒಪ್ಪಿತ ನಿಯಮ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಎಂದದ್ದಕ್ಕೆ ಇದೂ ಒಂದು ಕಾರಣ. ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ಬೋಟು, ಸಂಜೆ ವಿಮಾನ ಎಂದು ಬರೆದ ಹಾಳೆ ಕೈಗೆ ಬಂದರೆ ಅದನ್ನು ಬರೆದವರಿಗೇ ಹಿಂತಿರುಗಿಸಿ.

ಚರ್ಮದ ವಿಷಯ ಚುಟುಕಾಗಿ. ಮದುವೆಗೆಂದು ಬ್ಲೀಚ್, ಪೀಲಿಂಗ್ ಮಾಡಿಸಿದ ಮುಖ ಮೂರು-ನಾಲ್ಕು ದಿನಕ್ಕೇ ಬಿಳಿ ಮರಳಿನ ಬಿಸಿಲಿಗೆ ಬಿದ್ದರೆ ಉರಿದು ಸಿಪ್ಪೆ ಏಳುತ್ತದೆ. ಮುಖ ಮುಳುಗಿಸಿ ನೀರಿನ ಮೇಲೆ ತೇಲುತ್ತಾ ಸ್ನಾರ್ಕ್ಲಿಂಗ್ ಮಾಡುವವರ ಬೆನ್ನೂ ಹಾಗೆಯೇ. ತುಂಬುತೋಳಿನ ಈಜು ಅಂಗಿ ಯಾವ ಕ್ರೀಮಿಗಿಂತಲೂ ಮೇಲು. ಮೆಹಂದಿ ಉಪ್ಪುನೀರಿಗೆ ಎರಡೇ ದಿನದಲ್ಲಿ ಮಾಸುತ್ತದೆ, ಫೋಟೊ ಬೇಕಾದರೆ ಮೊದಲ ದಿನವೇ ತೆಗೆಸಿಕೊಳ್ಳಿ. ಬೆಳಿಗ್ಗೆ, ಸಂಜೆ ಮರಳಿನಲ್ಲಿ ಕೂತರೆ ಕಣ್ಣಿಗೆ ಕಾಣದ ಮರಳುನೊಣ ಕಚ್ಚಿ ವಾರಗಟ್ಟಲೆ ತುರಿಸುತ್ತದೆ. ಕಾಲಿಗೆ ದಪ್ಪಗೆ ಕೊಬ್ಬರಿ ಎಣ್ಣೆ ಸವರಿ, ಚಾಪೆ ಹಾಸಿ ಕೂರಿ. ಹಣದ ವಿಷಯವೂ ಒಂದು: 2020ರಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ, ಆದರೂ ಫೋನಿನಿಂದ ಹಣ ಹೋಗದ ಗಳಿಗೆಗಳು ಬರುತ್ತವೆ. ಎರಡು ದಿನದ ಖರ್ಚಿಗಾಗುವಷ್ಟು ನೋಟು ಇಟ್ಟುಕೊಳ್ಳಿ.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ನವದಂಪತಿಗಳನ್ನು ಒಯ್ಯುವುದು ನಮಗೆ ಸರಿಕಾಣದು. ನಡುರಾತ್ರಿ ಮೂರಕ್ಕೆ ಎದ್ದು, ಜಿರ್ಕಾಟಾಂಗ್ ಚೆಕ್‌ಪೋಸ್ಟ್‌ನಲ್ಲಿ ಸಾಲು ನಿಂತು, ಬೆಂಗಾವಲಿನಲ್ಲಿ ಜಾರವಾ ಆದಿವಾಸಿಗಳ ಮೀಸಲು ಕಾಡನ್ನು ಹಾಯ್ದು ಹೋಗಬೇಕು. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ, ಫೋಟೊ ತೆಗೆದರೆ ಜೈಲು. ‘ಆದಿವಾಸಿಗಳನ್ನು ನೋಡಬಹುದು’ ಎಂದು ಆಸೆ ತೋರಿಸುವ ಏಜೆಂಟರಿಂದ ದೂರ ಇರಿ. ಆ ದಿನವನ್ನು ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲಿಗೆ ಕೊಡಿ. ರೆಕ್ಕೆಯಂತೆ ಚಾಚಿದ್ದ ಏಳು ಕಟ್ಟಡಗಳಲ್ಲಿ ಮೂರು ಮಾತ್ರ ಉಳಿದಿವೆ, ಒಂಟಿ ಕೋಣೆಯೊಳಗೆ ಒಂದು ನಿಮಿಷ ನಿಂತು ನೋಡುವ ಜಾಗ ಅದು.

ಸಂಪಾದಕರಲ್ಲಿ ನಮ್ಮದೊಂದು ವಿನಂತಿ. ಇಂಥ ಪ್ಯಾಕೇಜ್‌ಗಳ ಜಾಹೀರಾತು ಸ್ವೀಕರಿಸುವಾಗ ಮೂರು ಸಂಗತಿ ಅಚ್ಚಾಗಿರಲೇಬೇಕೆಂದು ಕೇಳಿ: ಬೋಟು ಸರ್ಕಾರಿಯೋ ಖಾಸಗಿಯೋ ಮತ್ತು ಹೊರಡುವ ಗಂಟೆ, ಕೊನೆಯ ರಾತ್ರಿ ಯಾವ ದ್ವೀಪದಲ್ಲಿ, ಹವಾಮಾನದಿಂದ ಬೋಟು ನಿಂತರೆ ರೂಮು-ಊಟದ ಖರ್ಚು ಯಾರದು. ಮೂರೇ ಸಾಲು. ಗುಲಾಬಿ ಎಸಳಿನ ಚಿತ್ರ ಒಂದು ಅಂಗುಲ ಚಿಕ್ಕದಾದರೆ ಜಾಗ ಸಿಗುತ್ತದೆ.

ವಾಪಸ್ ಬರುವವರಿಗೆ ಕೊನೆಯದಾಗಿ: ಬೀಚಿನಲ್ಲಿ ಆರಿಸಿದ ಚಿಪ್ಪು, ಒಣ ಹವಳದ ತುಂಡು ಸೂಟ್‌ಕೇಸಿಗೆ ಹಾಕಬೇಡಿ. ಹವಳ ಸತ್ತದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೇ, ಹಲವು ಜಾತಿಯ ಚಿಪ್ಪುಗಳೂ ಅದರಲ್ಲಿ ಸೇರಿವೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅದು ಎದ್ದು ಕಾಣುತ್ತದೆ, ಸೂಟ್‌ಕೇಸ್ ಬಿಚ್ಚಿಸುತ್ತಾರೆ. ನೆನಪಿಗೆ ಚಿಪ್ಪು ಬೇಕೇ ಬೇಕಾದರೆ ಪರವಾನಗಿ ಇರುವ ಅಂಗಡಿಯಲ್ಲಿ ಕೊಂಡು, ಬಿಲ್ಲನ್ನು ಸೂಟ್‌ಕೇಸಿನೊಳಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಇಂತಿ,
ದ್ವೀಪ ಪ್ರವಾಸ ಏರ್ಪಡಿಸುವ ಓದುಗರು,
ಬೆಂಗಳೂರು